ನಾಲ್ಕನೇ ನಂಬರಿನ ಸಿಪಾಯಿ

ಮೈಸೂರಿನ ಸೈನ್ಯ ಇಂಗ್ಲೆಂಡಿನಿಂದ ಬರಬೇಕಾಗಿತ್ತು. ಅಪ್ಪ ಅದಕ್ಕಾಗಿ ಹನ್ನೊಂದು ವರ್ಷ ಕಾದರು.

ಸೈನ್ಯ ಅಂದರೆ ಒಂದಂಗುಲ ಎತ್ತರದ ಸೀಸದ ಸಿಪಾಯಿಗಳು. ಬಣ್ಣವಿಲ್ಲದೆ ಬರುತ್ತವೆ, ನಾವೇ ಹಚ್ಚಬೇಕು. ಆಮೇಲೆ ಮೇಜಿನ ಎರಡು ಕಡೆ ಸಾಲಾಗಿ ನಿಲ್ಲಿಸಿ, ಸ್ಕೇಲಿನಿಂದ ಅಳೆದು ಮುಂದಕ್ಕೆ ಸರಿಸಿ, ದಾಳ ಹಾಕಿ, ಯಾರು ಸತ್ತರು ಯಾರು ಉಳಿದರು ಎಂದು ತೀರ್ಮಾನಿಸುತ್ತಾರೆ. ಅದಕ್ಕೊಂದು ದಪ್ಪ ನಿಯಮದ ಪುಸ್ತಕವಿದೆ. ದೊಡ್ಡವರು ಆಡುವ ಆಟ. ಇಂಗ್ಲೆಂಡಿನಲ್ಲಿ ಇದಕ್ಕೆಂದೇ ತಿಂಗಳ ಪತ್ರಿಕೆಗಳಿವೆ, ಸಿಪಾಯಿಗಳನ್ನು ಎರಕ ಹೊಯ್ಯುವ ಕಂಪನಿಗಳಿವೆ. ಮದರಾಸಿನಲ್ಲಿ ಇದ್ದದ್ದು, ನನಗೆ ಗೊತ್ತಿರುವ ಮಟ್ಟಿಗೆ, ನಮ್ಮ ಮನೆ ಒಂದೇ.

ನಾವಿದ್ದದ್ದು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ, ರಾಮದಾಸ, ರೈಲ್ವೆ ಆಫೀಸಿನ ಟೈಮ್ ಟೇಬಲ್ ವಿಭಾಗದಲ್ಲಿ ಗುಮಾಸ್ತರು. ಅವರಿಗೆ ಈ ಆಟ ಕಲಿಸಿದವರು ಪೆರೇರಾ ಅನ್ನುವ ಆಂಗ್ಲೋ ಇಂಡಿಯನ್ ಗಾರ್ಡು. ಎಪ್ಪತ್ತೊಂದರಲ್ಲಿ ಪೆರೇರಾ ಸಂಸಾರ ಸಮೇತ ಇಂಗ್ಲೆಂಡಿಗೆ ಹೊರಟಾಗ ಎರಡು ಬೂಟಿನ ಡಬ್ಬಿ ತುಂಬ ಸಿಪಾಯಿಗಳನ್ನು ಅಪ್ಪನಿಗೆ ಬಿಟ್ಟುಹೋದರು. ಅಲ್ಲಿಂದ ಪ್ರತಿ ತಿಂಗಳೂ ತಾವು ಓದಿ ಮುಗಿಸಿದ ಪತ್ರಿಕೆಯನ್ನು ಕಳಿಸುತ್ತಿದ್ದರು. ಅದು ಹಡಗಿನಲ್ಲಿ ಬರುತ್ತಿತ್ತು. ಜನವರಿಯದು ನಮಗೆ ಏಪ್ರಿಲ್‌ನಲ್ಲಿ.

ಪತ್ರಿಕೆ ಬಂದ ದಿನ ಅಪ್ಪ ಕಾಲು ತೊಳೆದು, ಕಾಫಿ ಕುಡಿದು, ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಹಿಂದಿನ ಪುಟಗಳಿಂದ ಶುರು ಮಾಡುತ್ತಿದ್ದರು. ಆ ತಿಂಗಳು ಯಾವ ಕಂಪನಿ ಯಾವ ಹೊಸ ಸಿಪಾಯಿಗಳನ್ನು ಬಿಡುಗಡೆ ಮಾಡಿದೆ ಅನ್ನುವ ಪಟ್ಟಿ ಅಲ್ಲಿರುತ್ತಿತ್ತು. ಒಂದೊಂದು ಸಾಲನ್ನೂ ಗಟ್ಟಿಯಾಗಿ ಕನ್ನಡ ಮಾಡಿ ಓದುತ್ತಿದ್ದರು. ಅಮ್ಮ ಅಕ್ಕಿ ಆರಿಸುತ್ತಾ ಕೇಳುತ್ತಿದ್ದಳು.

"ಫ್ರಾನ್ಸಿನ ಕುದುರೆ ದಳ, ಕಹಳೆ ಊದೋನು. ರಷ್ಯಾದ ಫಿರಂಗಿ, ಜೊತೆಗೆ ಮೂರು ಜನ."

"ನಮ್ಮೋರು ಬಂದ್ರಾ?"

"ಇಲ್ಲ ಕಣೆ, ಈ ಸಲಾನೂ ಇಲ್ಲ."

"ರಷ್ಯಾದೋರು ಬಂದ್ರು, ಫ್ರಾನ್ಸಿನೋರು ಬಂದ್ರು. ಮೈಸೂರೋರಿಗೆ ಮಾತ್ರ ರಿಸರ್ವೇಷನ್ ಸಿಗ್ಲಿಲ್ಲ ಅನ್ನಿ. ಅದೂ ರೈಲ್ವೆಯವರ ಮನೇಲಿ!"

ಅಪ್ಪ ನಗುತ್ತಿದ್ದರು, ಆದರೆ ಪೂರ್ತಿ ಅಲ್ಲ. ಕಾಂಚೀಪುರದ ಹತ್ತಿರ ಪುಳ್ಳಲೂರು ಅಂತ ಒಂದು ಹಳ್ಳಿ. ಇನ್ನೂರು ವರ್ಷದ ಹಿಂದೆ ಅಲ್ಲಿ ಹೈದರಾಲಿಯ ಸೈನ್ಯ ಇಂಗ್ಲಿಷರನ್ನು ಮಣ್ಣು ಮುಕ್ಕಿಸಿತ್ತು. ಒಂದು ಸಲ ಅಪ್ಪ ನನ್ನನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಕಡಲೆಕಾಯಿ ಹೊಲ, ಒಂದು ಕೆರೆ, ಮೇಯುವ ಆಡುಗಳು. ಅಷ್ಟೇ. ಅಪ್ಪ ಬಿಸಿಲಿನಲ್ಲಿ ನಿಂತು, "ಇಲ್ಲೇ ಅಂಬುಜಾ, ನಮ್ಮೋರು ಇಲ್ಲೇ ಗೆದ್ದಿದ್ದು" ಅಂದರು. ಆ ಯುದ್ಧವನ್ನು ಮೇಜಿನ ಮೇಲೆ ಸರಿಯಾಗಿ ಒಂದು ಸಲ ಆಡಬೇಕು ಅನ್ನುವುದು ಅವರ ಆಸೆ. ಇಂಗ್ಲಿಷ್ ಸಿಪಾಯಿಗಳಿಗೇನೂ ಕೊರತೆಯಿರಲಿಲ್ಲ, ಡಬ್ಬಿ ತುಂಬ ಅವರೇ. ಮೈಸೂರಿನವರನ್ನು ಯಾವ ಕಂಪನಿಯೂ ಮಾಡಿರಲಿಲ್ಲ. ಪೇಟ ಇದೆಯೆಂದು ಟರ್ಕಿ ದೇಶದ ಸಿಪಾಯಿಗಳನ್ನೇ ಮೈಸೂರಿನವರೆಂದು ನಿಲ್ಲಿಸುತ್ತಿದ್ದೆವು. ಅಪ್ಪ ಅವರನ್ನು ಬಾಡಿಗೆ ಸೈನ್ಯ ಎನ್ನುತ್ತಿದ್ದರು.

ಬಣ್ಣ ಹಚ್ಚುತ್ತಿದ್ದವಳು ನಾನು. ನಮ್ಮ ಕನ್ನಡ ಶಾಲೆ ಎಂಟನೇ ಕ್ಲಾಸಿಗೆ ಮುಗಿಯುತ್ತಿತ್ತು. ಮುಂದಕ್ಕೆ ಬೇರೆ ಶಾಲೆ, ತಮಿಳು ಇಲ್ಲವೇ ಇಂಗ್ಲಿಷು. ಹದಿನಾಲ್ಕು ದಿನ ಹೋದೆ. ಟೀಚರು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದರೂ ಎದ್ದು ನಿಂತರೆ ಬಾಯಿ ಕಟ್ಟಿಹೋಗುತ್ತಿತ್ತು. ಹದಿನೈದನೇ ದಿನ ಮನೆಯಲ್ಲೇ ಉಳಿದೆ. ಯಾರೂ ಬಲವಂತ ಮಾಡಲಿಲ್ಲ. ಆ ವರ್ಷವೇ ಅಪ್ಪನ ಕೈ ನಡುಗಲು ಶುರುವಾಯಿತು, ಕುಂಚ ನನ್ನ ಕೈಗೆ ಬಂತು. ಮೂರು ಕೂದಲಿನ ಕುಂಚದಲ್ಲಿ ಗುಂಡಿ, ಹುಬ್ಬು, ಮೀಸೆ. ಯಾರ ಹತ್ತಿರವೂ ಮಾತಾಡಬೇಕಾಗಿಲ್ಲದ ಕೆಲಸ. ನನಗೆ ಹಿಡಿಸಿತು.

ಎಪ್ಪತ್ತೊಂಬತ್ತರಲ್ಲಿ ಕೃಷ್ಣಪ್ರಸಾದ ನಮ್ಮ ಮನೆಗೆ ಬಂದರು. ಕುಂದಾಪುರದ ಕಡೆಯವರು, ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಅಡ್ಯಾರಿನಲ್ಲಿ ಅವರ ದೊಡ್ಡಪ್ಪನ ಹೋಟೆಲಿತ್ತು, ಅದರ ಮೇಲಿನ ಕೋಣೆಯಲ್ಲಿ ವಾಸ. ಕನ್ನಡ ಸಂಘದಲ್ಲಿ ಅಪ್ಪ ಯಾರಿಗೋ ಪುಳ್ಳಲೂರಿನ ಕಥೆ ಹೇಳುತ್ತಿದ್ದಾಗ, ಹಿಂದಿನಿಂದ ಒಬ್ಬರು, "ಅಲ್ಲ ಸಾರ್, ಆ ದಿನ ಮದ್ದಿನ ಗಾಡಿಗೆ ಬೆಂಕಿ ಬೀಳದಿದ್ದರೆ ಇಂಗ್ಲಿಷರು ಅಷ್ಟು ಸುಲಭಕ್ಕೆ ಸೋಲ್ತಿರಲಿಲ್ಲ" ಅಂದರಂತೆ. ಅಪ್ಪ ಅವರನ್ನು ಅಂದೇ ಮನೆಗೆ ಕರೆದುಕೊಂಡು ಬಂದರು.

ಅಲ್ಲಿಂದ ಪ್ರತಿ ಭಾನುವಾರ. ಎರಡು ಬಸ್ಸು ಬದಲಿಸಿ ಒಂಬತ್ತು ಗಂಟೆಗೆ ಬಂದರೆ, ಊಟ ಮಾಡಿ, ಸಂಜೆಯ ಕಾಫಿ ಕುಡಿದೇ ಹೊರಡುವುದು. ಮಂಚದ ಮೇಲೆ ಪ್ಲೈವುಡ್ ಹಾಕಿ ಮೇಜು ಮಾಡಿ, ಹಸಿರು ಬಟ್ಟೆ ಹಾಸಿ, ಗುಡ್ಡ ಬೇಕಾದ ಕಡೆ ಬಟ್ಟೆಯಡಿ ಹಳೆಯ ಟೈಮ್ ಟೇಬಲ್ ಪುಸ್ತಕಗಳನ್ನು ತುರುಕುತ್ತಿದ್ದೆವು. ನಾನು ಅಡಿಗೆಮನೆಯ ಬಾಗಿಲ ಪಕ್ಕ ಕೂತು, ಬಣ್ಣ ಕಿತ್ತುಹೋದ ಸಿಪಾಯಿಗಳನ್ನು ತಿದ್ದುತ್ತಾ ಅವರ ಆಟ ನೋಡುತ್ತಿದ್ದೆ.

ಅವರು ಊಟವೊಂದು ಬಿಟ್ಟು ಉಳಿದೆಲ್ಲವನ್ನೂ ಎಡಗೈಯಲ್ಲಿ ಮಾಡುತ್ತಿದ್ದರು. ಅಮ್ಮ ಅದನ್ನು ಸಹಿಸುತ್ತಿರಲಿಲ್ಲ.

"ಎಡಗೈಲಿ ದಾಳ ಹಾಕ್ತೀಯಲ್ಲಪ್ಪ, ಅದಕ್ಕೇ ನಿಂಗೆ ಬರೀ ಒಂದು ಬೀಳೋದು."

"ಬಲಗೈಯಲ್ಲಿ ಹಾಕಿದರೆ ಮೇಜಿನಿಂದ ಕೆಳಗೇ ಬೀಳ್ತದಮ್ಮ, ಆಗ ಅದೂ ಇಲ್ಲ."

ತಮ್ಮ ಸಾಲಿನ ಸಿಪಾಯಿಗೆ ಅಲ್ಲಿಂದ ಶತ್ರು ಕಾಣುತ್ತಾನೋ ಇಲ್ಲವೋ ಎಂದು ನೋಡಬೇಕಾದರೆ ಅವರು ಬಗ್ಗಿ, ಎಡಗೈಯಲ್ಲಿ ಸ್ಕೇಲು ಹಿಡಿದು, ಬಲಗಣ್ಣು ಮುಚ್ಚಿ, ತಲೆಯನ್ನು ಕಿವಿ ಭುಜಕ್ಕೆ ತಾಗುವಷ್ಟು ವಾಲಿಸಿ, ಸ್ಕೇಲಿನ ಉದ್ದಕ್ಕೂ ದೃಷ್ಟಿ ಹಾಯಿಸುತ್ತಿದ್ದರು. ಆಗ ಅವರ ಎರಡೂ ಪಾದಗಳ ತುದಿ ಒಳಕ್ಕೆ ತಿರುಗುತ್ತಿದ್ದವು, ಚಿಕ್ಕ ಮಕ್ಕಳ ಹಾಗೆ. ಅದು ಅವರಿಗೆ ಗೊತ್ತಿರಲಿಲ್ಲ.

ಅವರಿಗೆ ಸೋದರಮಾವನ ಮಗಳು ಲಕ್ಷ್ಮೀ ಜೊತೆ ಮದುವೆ ಎಂದು ಯಾವತ್ತೋ ನಿಶ್ಚಯವಾಗಿತ್ತು. ಅದನ್ನು ಅವರು ಬಂದ ಎರಡನೇ ವಾರವೇ ಹೇಳಿದ್ದರು. ಅವಳ ಬಿ.ಎ. ಮುಗಿಯಬೇಕು, ಅಜ್ಜಿಯ ವರ್ಷಾಂತಿಕ ಕಳೆಯಬೇಕು, ಹೀಗೆ ಮುಂದಕ್ಕೆ ಹೋಗುತ್ತಿತ್ತು. ಹಾಗಾಗಿ ನಾನು ಏನನ್ನೂ ಆಸೆಪಟ್ಟವಳಲ್ಲ. ಭಾನುವಾರಗಳು ನಿಲ್ಲಬಾರದು, ಅಷ್ಟೇ. ನಾನು ಬಾಗಿಲ ಪಕ್ಕ ಕೂತಿರುವುದು ಯಾರಿಗೂ ವಿಶೇಷವಾಗಿ ಕಾಣಬಾರದು. ಕಂಡರೆ ಭಾನುವಾರ ನಿಲ್ಲುತ್ತದೆ ಅನ್ನುವಷ್ಟು ನನಗೆ ತಿಳಿದಿತ್ತು.

ಎಂಬತ್ತೊಂದರಲ್ಲಿ ಕೃಷ್ಣಪ್ರಸಾದರೇ ಒಂದು ದಾರಿ ಹೇಳಿದರು. "ಸಾರ್, ಅವರಿಗೆ ಮೈಸೂರಿನ ಸಿಪಾಯಿ ಹೇಗಿದ್ದ ಎಂದು ಗೊತ್ತಿದ್ದರಲ್ಲವಾ ಮಾಡುವುದು? ನೀವೇ ಚಿತ್ರ ಬರೆದು ಕಳಿಸಿ ಮಾರಾಯ್ರೆ."

"ನನ್ನ ಕೈ ನೋಡಿದೀಯಲ್ಲಪ್ಪ."

"ಅಂಬುಜಾ ಇದ್ದಾರಲ್ಲ."

ಅವರು ನನ್ನ ಹೆಸರು ಹೇಳಿದ್ದಕ್ಕೆ ಕುಂಚ ಕೈಯಿಂದ ಜಾರಿತು. ಅಮ್ಮ ಅದನ್ನು ನೋಡಿದಳು. ಎತ್ತಿ ನನ್ನ ಕೈಗೆ ಕೊಟ್ಟಳು.

ಅಪ್ಪ ಲೈಬ್ರರಿಗಳಲ್ಲಿ ಕೂತು ಪೇಟದ ಸುತ್ತು, ಅಂಗಿಯ ಹುಲಿಪಟ್ಟೆ, ಸೊಂಟದ ದಟ್ಟಿ ಎಲ್ಲವನ್ನೂ ಗುರುತು ಮಾಡಿಕೊಂಡು ಬಂದರು. ಆರು ಚಿತ್ರ ಎಂದು ತೀರ್ಮಾನವಾಯಿತು: ಸರದಾರ, ಬಾವುಟದವನು, ನೆಟ್ಟಗೆ ನಿಂತ ಸಿಪಾಯಿ, ಗುರಿಯಿಟ್ಟು ಹೊಡೆಯುವ ಸಿಪಾಯಿ, ಬಂದೂಕಿಗೆ ಮದ್ದು ತುಂಬುವವನು, ನಗಾರಿಯವನು. ನೆಟ್ಟಗೆ ನಿಂತವನಿಗೆ ಅಪ್ಪನೇ ಕೊಡೆ ಹಿಡಿದು ಗೋಡೆಗೆ ಒರಗಿ ನಿಂತರು. ಕೈ ನಡುಗಿ ಕೊಡೆ ಟಕಟಕ ಎನ್ನುತ್ತಿತ್ತು. ಉಳಿದವರಿಗೆ ಹಳೆಯ ಪತ್ರಿಕೆಗಳ ಚಿತ್ರ ನೋಡಿಕೊಂಡೆ. ಒಂದೊಂದಕ್ಕೆ ಹತ್ತು ದಿನ ಹಿಡಿಯಿತು, ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ತೆಳುವಾಯಿತು.

ಗುರಿಯಿಡುವವನನ್ನು ಮಾತ್ರ ಒಂದೇ ಮಧ್ಯಾಹ್ನದಲ್ಲಿ ಬರೆದುಬಿಟ್ಟೆ. ಒಂದು ಗೆರೆಯನ್ನೂ ಅಳಿಸಲಿಲ್ಲ. ಯಾವುದನ್ನು ನೋಡಿ ಬರೆಯುತ್ತಿದ್ದೇನೆ ಎಂದು ಯೋಚಿಸಲೂ ಇಲ್ಲ, ಯಾಕೆಂದರೆ ಎದುರಿಗೆ ಏನೂ ಇರಲಿಲ್ಲ.

ಅಪ್ಪ ಭೂತಗನ್ನಡಿ ಹಿಡಿದು ಆರನ್ನೂ ಪರೀಕ್ಷಿಸಿದರು. ಪೇಟ ಸರಿ, ಪಟ್ಟೆ ಸರಿ, ಗುಂಡಿ ಒಂದು ಹೆಚ್ಚಾಗಿದೆ. ಅದನ್ನು ತಿದ್ದಿದೆ. ಬಂದೂಕು ಯಾವ ಭುಜಕ್ಕಿದೆ ಎಂದು ಅವರು ನೋಡಲಿಲ್ಲ. ಎರಡು ವರ್ಷ ಪ್ರತಿ ಭಾನುವಾರ ಎಡಗೈಯವರೊಬ್ಬರನ್ನು ಎದುರಿಗಿಟ್ಟುಕೊಂಡು ಆಡಿದ ಮನೆ ಅದು. ನಮ್ಮ ಕಣ್ಣಿಗೆ ಅದು ತಪ್ಪೆಂದು ಹೇಗೆ ಕಾಣಬೇಕು?

ಚಿತ್ರಗಳು ಒಂದು ಚಿಕ್ಕ ಕಂಪನಿಗೆ ಹೋದವು. ಯಜಮಾನನೇ ಕೈಬರಹದಲ್ಲಿ ವಂದನೆ ಬರೆದ. ಆಮೇಲೆ ಸುದ್ದಿಯಿಲ್ಲ. ಅಪ್ಪ ಪ್ರತಿ ತಿಂಗಳೂ ಪಟ್ಟಿ ಓದಿದರು. ಪ್ರಷ್ಯಾ ಬಂತು, ಆಸ್ಟ್ರಿಯಾ ಬಂತು, ಕಪ್ಪೆಮುಖದ ರಾಕ್ಷಸರು ಕೂಡ ಬಂದರು, ಅಲ್ಲಿ ಆಗ ರಾಕ್ಷಸರ ಆಟಕ್ಕೇ ಹೆಚ್ಚು ಗಿರಾಕಿಯಂತೆ.

"ರಾಕ್ಷಸ್ರು ಬಂದ್ಮೇಲೆ ನಮ್ಮೋರು ಇನ್ನೆಲ್ಲಿ ಬರ್ತಾರೆ ಬಿಡಿ" ಅಂದಳು ಅಮ್ಮ.

ಎಂಬತ್ತಮೂರರ ಬೇಸಿಗೆ. ಆ ವರ್ಷ ಮದರಾಸಿನಲ್ಲಿ ನೀರೇ ಇರಲಿಲ್ಲ. ಲಾರಿ ಬಂದಾಗ ಕ್ವಾರ್ಟರ್ಸಿನ ಹೆಂಗಸರೆಲ್ಲ ಪ್ಲಾಸ್ಟಿಕ್ ಕೊಡ ಹಿಡಿದು ಓಡಬೇಕು. ಅವತ್ತು ಶನಿವಾರ. ಅಮ್ಮ ಮತ್ತು ನಾನು ಸಾಲಿನಲ್ಲಿದ್ದೆವು. ಅಪ್ಪ ಬನಿಯನ್ನಿನಲ್ಲೇ, ಪತ್ರಿಕೆ ಕೈಯಲ್ಲಿ ಬೀಸುತ್ತಾ, ಬೀದಿಗೆ ಓಡಿಬಂದರು.

"ರತ್ನಾ! ಬಂದ್ರು ಕಣೆ! ಬಂದ್ರು!"

"ಯಾರ್ರೀ?"

"ನಮ್ಮೋರು!"

ಸಾಲಿನಲ್ಲಿದ್ದ ಹೆಂಗಸೊಬ್ಬಳು ತಮಿಳಿನಲ್ಲಿ, "ಊರಿನಿಂದ ನೆಂಟರು ಬಂದರಾ? ಈ ನೀರಿಲ್ಲದ ಕಾಲದಲ್ಲಾ? ಪಾಪ" ಅಂದಳು. ಅಮ್ಮ ನಕ್ಕು ನಕ್ಕು ಕೊಡವನ್ನೇ ಕೆಳಗಿಟ್ಟಳು. ನಮ್ಮ ಸರದಿ ಹೋಯಿತು.

ಪಟ್ಟಿಯಲ್ಲಿ ಆರು ಸಾಲು, ಎಂ.ವೈ. ಅಂದರೆ ಮೈಸೂರು, ಒಂದರಿಂದ ಆರರವರೆಗೆ. ಕೆಳಗೆ ಸಣ್ಣಕ್ಷರದಲ್ಲಿ: ಮದರಾಸಿನ ಶ್ರೀ ರಾಮದಾಸ ಅವರ ಚಿತ್ರಗಳನ್ನು ಆಧರಿಸಿ. ಅಪ್ಪ ಆ ಪುಟವನ್ನು ಆಫೀಸಿಗೆ ಒಯ್ದು ತೋರಿಸಿದರು. ಅರ್ಥವಾಗದವರಿಗೆ ವಿವರಿಸಿದರು.

ಪೆರೇರಾ ಅಲ್ಲೇ ಕೊಂಡು ನಲವತ್ತೆಂಟು ಸಿಪಾಯಿಗಳನ್ನು ಕಳಿಸಿದರು. ಕಸ್ಟಮ್ಸಿನವರು ಪೊಟ್ಟಣ ಬಿಚ್ಚಿ ನೋಡಿ ಮತ್ತೆ ಕಟ್ಟಿದ್ದರು. ಎರಡು ಬಂದೂಕು ಮುರಿದಿದ್ದವು. ಅಪ್ಪ ಅವನ್ನು ಒಂದೊಂದಾಗಿ ಅಂಗೈ ಮೇಲೆ ನಿಲ್ಲಿಸಿಕೊಂಡರು. ಅವರ ಕೈ ನಡುಗುವುದಕ್ಕೆ ಸಿಪಾಯಿಗಳೂ ನಡುಗುತ್ತಿದ್ದರು. ಸೀಸಕ್ಕೆ ಇಳಿದ ನನ್ನ ಗೆರೆಗಳನ್ನು ನಾನು ಮುಟ್ಟಿ ನೋಡಿದೆ. ನಾಲ್ಕನೇ ನಂಬರಿನವರು, ಗುರಿಯಿಡುವವರು, ಹನ್ನೆರಡು ಜನ. ಅವರಿಗೆ ಬಣ್ಣ ಹಚ್ಚಲು ಉಳಿದವರಿಗಿಂತ ಎರಡರಷ್ಟು ಹೊತ್ತು ತೆಗೆದುಕೊಂಡೆ. ಆಗಲೂ ನನಗೆ ಕಾರಣ ಹೊಳೆಯಲಿಲ್ಲ.

ಎಲ್ಲರಿಗೂ ಬಣ್ಣ ಮುಗಿಯುವವರೆಗೆ ಯಾರಿಗೂ ತೋರಿಸಬಾರದೆಂದು ಅಪ್ಪ ಅವರನ್ನು ಪೆಟ್ಟಿಗೆಯಲ್ಲೇ ಇಟ್ಟಿದ್ದರು. ಬಣ್ಣ ಮುಗಿಯುವ ಹೊತ್ತಿಗೆ, ಎರಡು ತಿಂಗಳ ಮೇಲೆ, ಒಂದು ಬುಧವಾರ, ಇನ್ನೊಂದು ಪತ್ರಿಕೆ ಬಂತು. ಅದರ ಓದುಗರ ಪತ್ರಗಳ ಪುಟದಲ್ಲಿ ಯಾರೋ ಬರೆದಿದ್ದ. ಅಪ್ಪ ಗಟ್ಟಿಯಾಗಿ ಓದಲು ಶುರು ಮಾಡಿ, ನಡುವೆ ದನಿ ತಗ್ಗಿಸಿ, ಆದರೂ ಕೊನೆಯವರೆಗೆ ಓದಿದರು.

"ಮೈಸೂರಿನ ಹೊಸ ಸಿಪಾಯಿಗಳು ಚೆನ್ನಾಗಿವೆ. ಆದರೆ ನಾಲ್ಕನೆಯವನು ಎಡಭುಜಕ್ಕೆ ಬಂದೂಕು ಹಿಡಿದಿದ್ದಾನೆ. ಆ ಕಾಲದ ಬಂದೂಕಿನ ಕಿಡಿ ಹಾರುವುದು ಬಲಗಡೆ. ಹೀಗೆ ಹಿಡಿದು ಹೊಡೆದರೆ ಮೊದಲ ಗುಂಡಿಗೇ ಮುಖ ಸುಡುತ್ತದೆ. ಮೈಸೂರಿನವರು ಎಡಚರನ್ನೇ ಆರಿಸಿ ಸೇರಿಸಿಕೊಳ್ಳುತ್ತಿದ್ದರೋ, ಅಥವಾ ಮದರಾಸಿನ ಮಹನೀಯರು ಬಂದೂಕನ್ನೇ ನೋಡಿಲ್ಲವೋ?"

ಅಮ್ಮ ಅಕ್ಕಿಯ ಮೊರ ಕೆಳಗಿಟ್ಟಳು. ಅಪ್ಪ ಪೆಟ್ಟಿಗೆಯಿಂದ ಒಬ್ಬ ನಾಲ್ಕನೆಯವನನ್ನು ತೆಗೆದು ನೋಡಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು: "ಯಾಕಮ್ಮ ಎಡಗೈಗೆ ಬರ್ದೆ?"

"ಗೊತ್ತಾಗ್ಲಿಲ್ಲ ಅಪ್ಪ."

ಬರೆಯುವಾಗ ಗೊತ್ತಾಗದಿದ್ದದ್ದು ನಿಜ. ಆದರೆ ಅಪ್ಪ 'ಎಡಚರು' ಅನ್ನುವ ಮಾತನ್ನು ಓದಿದ ಕ್ಷಣವೇ ನನಗೆ ಎಲ್ಲ ಗೊತ್ತಾಗಿತ್ತು. ವಾಲಿದ ತಲೆ, ಮುಚ್ಚಿದ ಬಲಗಣ್ಣು, ಒಳಕ್ಕೆ ತಿರುಗಿದ ಪಾದ. ಇಂಗ್ಲೆಂಡಿನಲ್ಲಿ ಯಾರೋ ಪುಣ್ಯಾತ್ಮ ಒಂದನ್ನೂ ಬಿಡದೆ ಕೆತ್ತಿದ್ದ. ಗುರುವಾರ, ಶುಕ್ರವಾರ, ಶನಿವಾರ ನಾನು ಅದೊಂದನ್ನೇ ಯೋಚಿಸಿದೆ. ಅಪ್ಪನಿಗಾದ ಅವಮಾನವನ್ನೂ ಅಲ್ಲ. ಭಾನುವಾರ ಕೃಷ್ಣಪ್ರಸಾದರ ಕಣ್ಣಿಗೆ ಬಿದ್ದರೆ ಏನು ಗತಿ?

ಭಾನುವಾರ ಬೆಳಿಗ್ಗೆ ಮೇಜು ಜೋಡಿಸುವಾಗ ಆ ಹನ್ನೆರಡು ಜನರನ್ನು ತೆಂಗಿನ ನಾರಿನ ಮರಗಳ ಹಿಂದೆ ನಿಲ್ಲಿಸಿದೆ. ಮಣಲಿ ಕಡೆಯ ಗಾಳಿ ಬೀಸಿ ಮನೆಯೆಲ್ಲ ಎಣ್ಣೆ ಕಾರ್ಖಾನೆಯ ವಾಸನೆ. ಕಿಟಕಿ ಮುಚ್ಚಿದೆ, ಬೆಳಕು ಕಮ್ಮಿಯಾಗಲಿ ಎಂದೂ ಹೌದು.

ಕೃಷ್ಣಪ್ರಸಾದ ಬಂದರು. ಅಪ್ಪ ಪತ್ರ ಓದಿ ಹೇಳಿದರು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬೇಜಾರು ಮಾಡಬೇಡಿ ಸಾರ್. ಎಡಚರ ಪಡೆ ಅಂದರೆ ನನ್ನ ಪಡೆಯೇ. ಎಲ್ಲಿ, ತೋರಿಸಿ ನನ್ನ ಜಾತಿಯವರನ್ನು."

"ಆ ಮರದ ಹಿಂದೆ ಇದ್ದಾರೆ ನೋಡು. ಇವ್ಳು ನಾಚ್ಕೊಂಡು ಬಚ್ಚಿಟ್ಟಿದ್ದಾಳೆ."

ಅವರು ಒಬ್ಬನನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು. "ಅಲ್ಲ ಸಾರ್, ಇವ ಸರಿಯಾಗಿಯೇ ಹಿಡಿದಿದ್ದಾನಲ್ಲ? ಇದರಲ್ಲಿ ತಪ್ಪೆಂತ ಉಂಟು?"

"ನಿನಗೆ ಕಾಣುತ್ತಾ ತಪ್ಪು! ಹಿಡಿದು ನೋಡು, ತಿಳಿಯುತ್ತೆ."

ಅವರು ಎಡಗೈಯಲ್ಲಿ ಸ್ಕೇಲು ತೆಗೆದುಕೊಂಡು, ಬಲಗೈಯಲ್ಲಿ ಸಿಪಾಯಿಯನ್ನು ಹಿಡಿದುಕೊಂಡೇ, ಬಗ್ಗಿ ಗುರಿಯಿಟ್ಟರು. ತಲೆ ವಾಲಿತು. ಬಲಗಣ್ಣು ಮುಚ್ಚಿತು. "ಹೀಗೆ ತಾನೆ? ಇದು ನಾನೇ ಅಲ್ಲವಾ ಮಾರಾಯ್ರೆ!" ಎಂದು ನಕ್ಕರು.

ಅಪ್ಪ ನಗಲಿಲ್ಲ. ಅವರು ನೆಲ ನೋಡುತ್ತಿದ್ದರು. ಕೃಷ್ಣಪ್ರಸಾದರ ಪಾದಗಳನ್ನು ನೋಡಿ, ಅವರ ಕೈಯಲ್ಲಿದ್ದ ಸಿಪಾಯಿಯ ಪಾದಗಳನ್ನು ನೋಡಿದರು. ಕೃಷ್ಣಪ್ರಸಾದರೂ ಕೆಳಗೆ ನೋಡಿಕೊಂಡರು. ಆಮೇಲೆ ಬಾಗಿಲ ಕಡೆಗೆ, ನನ್ನ ಕಡೆಗೆ ತಿರುಗಿದರು. ನಾಲ್ಕು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿರಲಿಲ್ಲ. ಅವರ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಉಳಿದು, ಹೋಯಿತು.

ನಾನು ಎದ್ದು ಒಳಗೆ ಹೋಗಬೇಕಿತ್ತು. ಕುಂಚ ಒರೆಸುತ್ತಾ ಕೂತೇ ಇದ್ದೆ. ಅಮ್ಮ ಕಾಫಿ ಲೋಟಗಳನ್ನು ಹಿಡಿದು ನನ್ನ ಹಿಂದೆಯೇ ನಿಂತಿದ್ದಳು.

"ನಿನ್ನ ಸರದಿ ಕೃಷ್ಣ. ದಾಳ ಹಾಕು" ಅಂದರು ಅಪ್ಪ.

ಅವರು ಸ್ಕೇಲನ್ನು ಕೆಳಗಿಟ್ಟು ದಾಳವನ್ನು ಬಲಗೈಯಲ್ಲಿ ತೆಗೆದುಕೊಂಡರು. ಹಾಕಿದರು. ಅದು ಮೇಜಿನಿಂದ ಉರುಳಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡು ಮತ್ತೆ ಬಲಗೈಯಲ್ಲೇ ಹಾಕಿದರು.

ಅಪ್ಪ ಆಮೇಲೆ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಸೋಮವಾರ ಆಫೀಸಿನಿಂದ ಕಂಪನಿಗೂ ಪತ್ರಿಕೆಗೂ ಕಾಗದ ಟೈಪು ಮಾಡಿಸಿಕೊಂಡು ಬಂದು, ಅಮ್ಮನಿಗೆ ಓದಿ ಹೇಳಿದರು. "ಚಿತ್ರ ಬರೆದದ್ದು ರಾಮದಾಸನಾದ ನಾನೇ, ನನಗೆ ಕೈ ನಡುಗುವ ಕಾಯಿಲೆ ಇದೆ, ತಪ್ಪು ನನ್ನ ಕೈಯದು, ಕ್ಷಮಿಸಬೇಕು." ಅಮ್ಮ, "ಆಯ್ತು, ಹಾಕಿ ಬನ್ನಿ" ಅಂದಳು.

ಕೃಷ್ಣಪ್ರಸಾದ ಇನ್ನೂ ಮೂರು ಭಾನುವಾರ ಬಂದರು. ಮೂರು ಸಲವೂ ಎಲ್ಲವನ್ನೂ ಬಲಗೈಯಲ್ಲಿ ಮಾಡಿದರು. ಸ್ಕೇಲು ಓರೆಯಾಗುತ್ತಿತ್ತು, ಸಿಪಾಯಿಗಳು ಬೀಳುತ್ತಿದ್ದರು. ಅದು ನನಗಾಗಿ ಎಂದು ಗೊತ್ತಿತ್ತು. ನೋಡಲು ಏನೂ ಉಳಿಯಬಾರದೆಂದು ಅವರು ತಮ್ಮನ್ನೇ ಬಚ್ಚಿಟ್ಟುಕೊಳ್ಳುತ್ತಿದ್ದರು. ಅವರು ಸಿಟ್ಟು ಮಾಡಿದ್ದರೆ ಅಷ್ಟು ನೋಯುತ್ತಿರಲಿಲ್ಲ. ನಾನು ಬಾಗಿಲ ಪಕ್ಕ ಕೂರುವುದನ್ನು ಬಿಟ್ಟು ಅಡಿಗೆಮನೆಯೊಳಗೆ, ಒರಳಿನ ಹತ್ತಿರ ಕೂತೆ. ಅಲ್ಲಿಗೆ ದಾಳದ ಸದ್ದು ಮಾತ್ರ ಕೇಳುತ್ತಿತ್ತು.

ಪುಳ್ಳಲೂರಿನ ಯುದ್ಧ ಆ ಮೂರರಲ್ಲಿ ಒಂದು ಭಾನುವಾರ ನಡೆಯಿತು. ಮೈಸೂರು ಗೆದ್ದಿತು. "ಗೆದ್ರಿ ಸಾರ್" ಎಂದು ಕೃಷ್ಣಪ್ರಸಾದ ಹೇಳಿದ್ದು ಕೇಳಿಸಿತು. ಅಪ್ಪ ಹೂಂ ಅಂದರು.

ಮೂರನೇ ಭಾನುವಾರ ಹೊರಡುವಾಗ ಅವರು, ಮಂಗಳೂರು ಬ್ರಾಂಚಿಗೆ ವರ್ಗ ಕೇಳಿದ್ದೆ, ಸಿಕ್ಕಿದೆ, ಊರಿಗೂ ಹತ್ತಿರ, ಮದುವೆಯೂ ವೈಶಾಖಕ್ಕೆ ಅಂದರು. ಅಮ್ಮನ ಕಾಲಿಗೆ ನಮಸ್ಕಾರ ಮಾಡಿದರು. ಅಡಿಗೆಮನೆಯ ಕಡೆಗೆ ಮುಖ ಮಾಡಿ, "ಬರ್ತೇನೆ ಅಂಬುಜಾ" ಅಂದರು. ನಾನು ಒಳಗಿನಿಂದಲೇ ಹೂಂ ಅಂದೆ. ಕೇಳಿಸಿತೋ ಇಲ್ಲವೋ.

ಮಾರನೇ ದಿನ ನನ್ನ ತಲೆ ಬಾಚುತ್ತಾ ಅಮ್ಮ ಹೇಳಿದಳು: "ಅವನು ಒಳ್ಳೆಯವನು ಕಣೆ. ಅದಕ್ಕೇ ಹೋದ." ಜಡೆ ಹೆಣೆದು ಮುಗಿಯುವವರೆಗೂ ನನಗೆ ಅವಳ ಮುಖ ಕಾಣಲಿಲ್ಲ, ಅವಳಿಗೆ ನನ್ನದು ಕಾಣಲಿಲ್ಲ.

ಪತ್ರಿಕೆಗಳು ಬರುತ್ತಲೇ ಇದ್ದವು. ಎಂಬತ್ತನಾಲ್ಕರಲ್ಲಿ ಒಂದು ದಿನ ಅಪ್ಪ ಪಟ್ಟಿ ಓದುತ್ತಾ ಒಂದು ಸಾಲು ಬಿಟ್ಟು ಮುಂದಕ್ಕೆ ಹೋದರು. ಅವರು ಯಾವತ್ತೂ ಸಾಲು ಬಿಟ್ಟವರಲ್ಲ. ರಾಕ್ಷಸರನ್ನೂ ಬಿಟ್ಟಿರಲಿಲ್ಲ. ಅವರು ಆಫೀಸಿಗೆ ಹೋದ ಮೇಲೆ ತೆಗೆದು ನೋಡಿದೆ. ಎಂ.ವೈ. ನಾಲ್ಕು. ಮುಂದಿನ ಪದಗಳನ್ನು ಡಿಕ್ಷನರಿ ಹಿಡಿದು ಬಿಡಿಸಿದೆ. ಹೊಸದಾಗಿ ಮಾಡಲಾಗಿದೆ, ಬಲಗೈ. ಹಳೆಯ ಅಚ್ಚು ತೆಗೆದುಹಾಕಲಾಗಿದೆ. ಪತ್ರಿಕೆಯನ್ನು ಮೊದಲಿದ್ದ ಹಾಗೇ ಮಡಿಸಿಟ್ಟೆ.

ಅಪ್ಪ ಆಟ ಬಿಟ್ಟಿರಲಿಲ್ಲ. ಎರಡೂ ಕಡೆ ತಾವೇ ಆಡುತ್ತಿದ್ದರು. ಮೈಸೂರಿನ ಕಡೆ ಒಂದು ಸರದಿ ಆಡಿ, ಮಂಚ ಸುತ್ತಿ ಬಂದು, ಇಂಗ್ಲಿಷರ ಕಡೆ ನಿಂತು ಯೋಚಿಸಿ, ಮತ್ತೆ ಸುತ್ತಿ ಹೋಗುವುದು. ಸುತ್ತುವಾಗ ಅಂಗಿಯ ತುದಿ ತಾಗಿ ಸಿಪಾಯಿಗಳು ಬೀಳುತ್ತಿದ್ದರು. ಎತ್ತಲು ಹೋದರೆ ನಡುಗುವ ಕೈಗೆ ಪಕ್ಕದವರೂ ಬೀಳುತ್ತಿದ್ದರು. ಒಂದು ಭಾನುವಾರ ಅದನ್ನು ನೋಡಲಾರದೆ ಹೋಗಿ ಎದುರಿಗೆ, ಇಂಗ್ಲಿಷರ ಕಡೆ ನಿಂತೆ.

"ನಾನು ಆಡ್ಲಾ ಅಪ್ಪ?"

"ನಿನಗೆ ನಿಯಮ ಬರುತ್ತಾ?"

"ಬರುತ್ತೆ."

ಅಪ್ಪ ನನ್ನನ್ನೇ ನೋಡಿ ದಾಳ ಕೊಟ್ಟರು. ಮೊದಲ ಸರದಿಗೆ ನಾನು ಫಿರಂಗಿಗಳನ್ನು ಗುಡ್ಡದ ಮೇಲಿಡದೆ ಕೆರೆಯ ದಂಡೆಯ ಹಿಂದೆ ಇಟ್ಟೆ. ಎರಡನೇ ಸರದಿಗೆ ಕುದುರೆಗಳನ್ನು ಹಿಂದಕ್ಕೆ ಸರಿಸಿದೆ, ಓಡುತ್ತಿರುವ ಹಾಗೆ. ಮೂರನೆಯದಕ್ಕೆ ಅಪ್ಪನ ಸಾಲು 'ಎಲ್ಲಿ ಹೋಗ್ತೀಯ' ಎಂದು ಮುಂದೆ ಬಂತು. ಬರುತ್ತದೆಂದು ನನಗೆ ಗೊತ್ತಿತ್ತು. ನಾಲ್ಕನೆಯದಕ್ಕೆ ಫಿರಂಗಿಗಳು ಪಕ್ಕದಿಂದ ಹೊಡೆದವು. ಮೈಸೂರಿನ ಒಂಬತ್ತು ಜನ ಮಲಗಿದರು. ನನ್ನ ಕೈ ತಾನೇ ನಡೆದಂತೆ ನಡೆಯುತ್ತಿತ್ತು.

ಅಪ್ಪ ಸತ್ತವರನ್ನು ಎತ್ತಲಿಲ್ಲ. ಮೇಜನ್ನೇ ನೋಡುತ್ತಾ ನಿಂತರು. ಆಮೇಲೆ, "ನೀನು ಥೇಟ್ ಅವನ ಹಾಗೇ ಆಡ್ತೀಯ" ಅಂದರು.

ನಾನು ಮುಂದಿನ ನಡೆಗೆ ಸ್ಕೇಲು ಎತ್ತಿಕೊಂಡೆ.

"ಬೇಡಮ್ಮ." ಅಪ್ಪ ಸ್ಕೇಲಿನ ಮೇಲೆ ಕೈಯಿಟ್ಟರು. "ಅವನ ಹಾಗೆ ಬೇಡ. ನಿನ್ನ ಹಾಗೆ ಆಡು. ಸೋತ್ರೂ ಪರವಾಗಿಲ್ಲ."

ನಾನು ನನ್ನ ಕಡೆಯ ಸಿಪಾಯಿಗಳನ್ನು ನೋಡಿದೆ. ಯಾರನ್ನು ಎಲ್ಲಿಗೆ ಸರಿಸಬೇಕೆಂದು ಒಂದೂ ಹೊಳೆಯಲಿಲ್ಲ. ಇಷ್ಟು ವರ್ಷ ಈ ಮೇಜನ್ನು ನೋಡಿದ್ದೇನೆ, ನನಗೇ ಒಂದು ನಡೆ ಬೇಕಾಗುತ್ತದೆ ಎಂದು ಒಂದು ಸಲವೂ ಅಂದುಕೊಂಡಿರಲಿಲ್ಲ. ಹೊರಗೆ ಯಾರೋ ಸೈಕಲ್ ಬೆಲ್ಲು ಹೊಡೆದುಕೊಂಡು ಹೋದರು. ಒಳಗಿನಿಂದ ಅಮ್ಮ ಊಟಕ್ಕೆ ಏಳುತ್ತೀರಾ ಎಂದು ಕೇಳಿದಳು.

"ತಡಿ ರತ್ನಾ," ಅಂದರು ಅಪ್ಪ. "ಅವಳು ಯೋಚನೆ ಮಾಡ್ತಿದ್ದಾಳೆ."

ಕೊನೆಗೆ ಇಂಗ್ಲಿಷರ ನಗಾರಿಯವನೊಬ್ಬನನ್ನು ಆರು ಅಂಗುಲ ಮುಂದಕ್ಕೆ, ಬಯಲಿಗೆ ಸರಿಸಿದೆ. ಅದು ಕೆಟ್ಟ ನಡೆ. ಅಪ್ಪನಿಗೂ ಅದು ಗೊತ್ತಾಯಿತು. ಅವರು ದಾಳಕ್ಕೆ ಕೈ ಹಾಕಲಿಲ್ಲ. ಎದುರಿಗಿದ್ದ ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಅದನ್ನು ಒರೆಸತೊಡಗಿದರು.